ಕ್ರಿಸ್ಟೋಫರ್ ರೀವ್: ಗಾಲಿಕುರ್ಚಿಯ ಬದುಕಿಗೆ ಹೆಗಲಾದ ದಾಂಪತ್ಯ

ಬೆಳ್ಳಿತೆರೆಯ ಮೇಲೆ ಕೆಂಪು ಮೇಲುವಸ್ತ್ರ ತೊಟ್ಟು ಮುಗಿಲೆತ್ತರ ಹಾರಾಡಿ ಜಗತ್ತಿನ ಮಕ್ಕಳ ಕಣ್ಮಣಿಯಾಗಿದ್ದ ‘ಸೂಪರ್‌ಮ್ಯಾನ್’ ನಟ ಕ್ರಿಸ್ಟೋಫರ್ ರೀವ್, ತಮ್ಮ 42ನೆಯ ವಯಸ್ಸಿನಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯಿಂದ ಕೆಳಗೆ ಇಡೀ ದೇಹದ ಸ್ವಾಧೀನ ಕಳೆದುಕೊಂಡರು. ಆ ಬಳಿಕ ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಗಾಲಿಕುರ್ಚಿಯಲ್ಲಿ ಕುಳಿತೇ ಚಿತ್ರ ನಿರ್ದೇಶಿಸಿದರು, ಪುಸ್ತಕ ಬರೆದರು, ಸಂಶೋಧನೆಗೆ ಹಣ ಕೂಡಿಸಿದರು, ಅಮೆರಿಕದ ಸಂಸತ್ತಿನ ಕದ ತಟ್ಟಿದರು. ಆ ಸಾಹಸದ ಕಥೆ ಬಹುತೇಕರಿಗೆ ಗೊತ್ತು. ಆದರೆ ಅದರ ಹಿಂದೆ ಇನ್ನೊಂದು ಕಥೆಯಿದೆ. ಮದುವೆಯಾಗಿ ಮೂರು ವರ್ಷವಷ್ಟೇ ಆಗಿದ್ದ ದಂಪತಿ, ಒಂದು ಮಧ್ಯಾಹ್ನದಲ್ಲಿ ತಲೆಕೆಳಗಾದ ಸಂಸಾರವನ್ನು ದಿನದಿನವೂ ಹೊಸದಾಗಿ ಕಟ್ಟಿಕೊಂಡ ಕಥೆ ಅದು. ಪತ್ನಿ ಡೇನಾ ಇಲ್ಲದೆ ಅದನ್ನು ಹೇಳಲಾಗದು.

ರಂಗದಿಂದ ಬೆಳ್ಳಿತೆರೆಗೆ

ಕ್ರಿಸ್ಟೋಫರ್ ರೀವ್ ಹುಟ್ಟಿದ್ದು 1952ರ ಸೆಪ್ಟೆಂಬರ್ 25ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಫ್ರಾಂಕ್ಲಿನ್ ರೀವ್ ಕವಿ ಹಾಗೂ ರಷ್ಯನ್ ಸಾಹಿತ್ಯದ ಪ್ರಾಧ್ಯಾಪಕರು; ತಾಯಿ ಬಾರ್ಬರಾ ಪತ್ರಕರ್ತೆ. ಮಗ ಇನ್ನೂ ಚಿಕ್ಕವನಿರುವಾಗಲೇ ತಂದೆ-ತಾಯಿ ಬೇರೆಯಾದರು. ತಾಯಿಯೊಂದಿಗೆ ಪ್ರಿನ್ಸ್‌ಟನ್ ಪಟ್ಟಣದಲ್ಲಿ ಬೆಳೆದ ಹುಡುಗನಿಗೆ ನಾಟಕದ ಗೀಳು ಬಾಲ್ಯದಲ್ಲೇ ಹತ್ತಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ನ್ಯೂಯಾರ್ಕ್‌ನ ಪ್ರತಿಷ್ಠಿತ ಜೂಲಿಯಾರ್ಡ್ ಕಲಾಶಾಲೆಗೆ ಆಯ್ಕೆಯಾದರು. ಅಲ್ಲಿ ಸಹಪಾಠಿಯಾಗಿ ದೊರೆತವರು ರಾಬಿನ್ ವಿಲಿಯಮ್ಸ್. ಮುಂದೆ ಹಾಸ್ಯನಟನಾಗಿ ಜಗದ್ವಿಖ್ಯಾತರಾದ ವಿಲಿಯಮ್ಸ್ ಮತ್ತು ರೀವ್ ಅವರ ಸ್ನೇಹ ಕೊನೆಯವರೆಗೂ ಬಾಡಲಿಲ್ಲ.

1978ರಲ್ಲಿ ತೆರೆಕಂಡ ರಿಚರ್ಡ್ ಡಾನರ್ ನಿರ್ದೇಶನದ ‘ಸೂಪರ್‌ಮ್ಯಾನ್’ ರೀವ್ ಅವರ ಬದುಕನ್ನೇ ಬದಲಿಸಿತು. ಮಾರ್ಲನ್ ಬ್ರಾಂಡೊ, ಜೀನ್ ಹ್ಯಾಕ್‌ಮನ್ ಅವರಂಥ ಘಟಾನುಘಟಿಗಳಿದ್ದ ಚಿತ್ರದಲ್ಲಿ ಹೆಚ್ಚು ಪರಿಚಿತನಲ್ಲದ ತರುಣನೊಬ್ಬ ನಾಯಕನಾದುದು ಅಂದಿಗೆ ಅಚ್ಚರಿಯ ಸಂಗತಿ. ಆರಡಿ ನಾಲ್ಕಂಗುಲ ಎತ್ತರದ ಸಣಕಲು ದೇಹವನ್ನು ತಿಂಗಳುಗಟ್ಟಲೆ ಕಸರತ್ತಿನಿಂದ ಹುರಿಗೊಳಿಸಿಕೊಂಡ ರೀವ್, ಒಂದೇ ಚಿತ್ರದಲ್ಲಿ ಅತಿಮಾನವನೂ ಮುಜುಗರದ ಪತ್ರಕರ್ತ ಕ್ಲಾರ್ಕ್ ಕೆಂಟ್‌ನೂ ಆಗಿ ಮೆಚ್ಚುಗೆ ಗಳಿಸಿದರು. 1980, 1983 ಮತ್ತು 1987ರಲ್ಲಿ ಅದರ ಮುಂದುವರಿದ ಭಾಗಗಳು ಬಂದವು. ‘ಸಮ್‌ವೇರ್ ಇನ್ ಟೈಮ್’, ‘ದಿ ಬೊಸ್ಟೋನಿಯನ್ಸ್’, ‘ದಿ ರಿಮೇನ್ಸ್ ಆಫ್ ದಿ ಡೇ’ ಮುಂತಾದ ಚಿತ್ರಗಳಲ್ಲಿ ಬೇರೆ ಬಗೆಯ ಪಾತ್ರಗಳನ್ನು ನಿರ್ವಹಿಸಿದರೂ ಜನಮನದಲ್ಲಿ ಅವರು ಸೂಪರ್‌ಮ್ಯಾನ್ ಆಗಿಯೇ ಉಳಿದರು.

ತೆರೆಯ ಹೊರಗೂ ಅವರು ಸುಮ್ಮನೆ ಕೂರುವ ಜಾಯಮಾನದವರಲ್ಲ. ವಿಮಾನ ಹಾರಿಸುತ್ತಿದ್ದರು, ಹಾಯಿದೋಣಿ ನಡೆಸುತ್ತಿದ್ದರು. 1987ರಲ್ಲಿ ಚಿಲಿ ದೇಶದ ಸರ್ವಾಧಿಕಾರಿ ಪಿನೋಶೆಯ ಆಳ್ವಿಕೆಯಲ್ಲಿ 77 ಕಲಾವಿದರಿಗೆ ಕೊಲೆ ಬೆದರಿಕೆ ಬಂದಾಗ, ಸ್ಯಾಂಟಿಯಾಗೊ ನಗರಕ್ಕೇ ತೆರಳಿ ಅವರ ಬೆಂಬಲಕ್ಕೆ ನಿಂತರು.

ವಿಲಿಯಮ್ಸ್‌ಟೌನ್‌ನ ಗಾಯಕಿ

ಅದೇ 1987ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್‌ಟೌನ್ ರಂಗೋತ್ಸವಕ್ಕೆ ಬಂದಿದ್ದ ರೀವ್, ರಾತ್ರಿಯ ಗಾಯನ ಕಾರ್ಯಕ್ರಮವೊಂದರಲ್ಲಿ ಡೇನಾ ಮೊರೊಸಿನಿ ಎಂಬ ತರುಣಿಯ ಹಾಡು ಕೇಳಿದರು. 1961ರಲ್ಲಿ ಜನಿಸಿದ ಡೇನಾ ವೈದ್ಯರ ಮಗಳು. ಮಿಡಲ್‌ಬರಿ ಕಾಲೇಜಿನಲ್ಲಿ ಓದಿ, ಅಭಿನಯದಲ್ಲಿ ತರಬೇತಿ ಪಡೆದು, ಹಾಡು-ನಾಟಕಗಳಲ್ಲೇ ಬದುಕು ಕಂಡುಕೊಳ್ಳುತ್ತಿದ್ದ ಕಲಾವಿದೆ.

ರೀವ್ ಅವರಿಗೆ ಬ್ರಿಟನ್ನಿನ ಗೇ ಎಕ್ಸ್‌ಟನ್ ಅವರೊಂದಿಗಿನ ಹಿಂದಿನ ಸಂಬಂಧದಿಂದ ಮ್ಯಾಥ್ಯೂ ಮತ್ತು ಅಲೆಕ್ಸಾಂಡ್ರಾ ಎಂಬ ಇಬ್ಬರು ಮಕ್ಕಳಿದ್ದರು. ಆದರೆ ಮದುವೆಯೆಂಬ ಕಟ್ಟುಪಾಡಿಗೆ ಅವರು ಎಂದೂ ಒಳಪಟ್ಟಿರಲಿಲ್ಲ. ಬಾಲ್ಯದಲ್ಲಿ ಕಂಡ ಮುರಿದ ಸಂಸಾರಗಳು ಅವರಲ್ಲಿ ಅಳುಕು ಬಿತ್ತಿದ್ದವು. ಆ ಅಳುಕನ್ನು ಮೀರಿ 1992ರ ಏಪ್ರಿಲ್ 11ರಂದು, ಮೊದಲು ಭೇಟಿಯಾದ ವಿಲಿಯಮ್ಸ್‌ಟೌನ್‌ನಲ್ಲೇ ಡೇನಾ ಅವರ ಕೈಹಿಡಿದರು. ಅದೇ ವರ್ಷ ಜೂನ್‌ನಲ್ಲಿ ಮಗ ವಿಲ್ ಜನಿಸಿದ.

ಕುದುರೆ ಸವಾರಿಯ ನಂಟು ಬೆಳೆದದ್ದು ಸಿನಿಮಾದ ನೆಪದಿಂದ. 1985ರಲ್ಲಿ ‘ಆನ್ನಾ ಕರೆನಿನಾ’ ಚಿತ್ರಕ್ಕಾಗಿ ಸವಾರಿ ಕಲಿತರು. ಮೊದಲು ಕುದುರೆಯ ಬಳಿ ಹೋದರೆ ಅಲರ್ಜಿಯಾಗುತ್ತಿತ್ತು. ಔಷಧಿ ನುಂಗಿ ಅಭ್ಯಾಸ ಮಾಡಿದರು. ಕ್ರಮೇಣ ಅದೇ ಹವ್ಯಾಸವಾಗಿ, ಸ್ಪರ್ಧೆಗಳಿಗೂ ಇಳಿದರು.

ಮೂರನೆಯ ತಡೆ

1995ರ ಮೇ 27, ಶನಿವಾರ. ವರ್ಜೀನಿಯಾ ರಾಜ್ಯದ ಕಲ್ಪೆಪರ್‌ನಲ್ಲಿ ಅಶ್ವಾರೋಹಣ ಸ್ಪರ್ಧೆ. ಡೇನಾ ಹಾಗೂ ಇನ್ನೂ ಮೂರು ತುಂಬದ ವಿಲ್ ಕೂಡ ಜೊತೆಯಲ್ಲಿ ಆ ಊರಿಗೆ ಬಂದಿದ್ದರು. ರೀವ್ ಏರಿದ್ದ ‘ಈಸ್ಟರ್ನ್ ಎಕ್ಸ್‌ಪ್ರೆಸ್’ ಎಂಬ ಕುದುರೆ ಎರಡು ತಡೆಗಳನ್ನು ಸರಾಗವಾಗಿ ದಾಟಿ, ಮೂರನೆಯದರ ಮುಂದೆ ಹಠಾತ್ತನೆ ನಿಂತುಬಿಟ್ಟಿತು. ಸವಾರ ಮುಂದಕ್ಕೆ ಎಸೆಯಲ್ಪಟ್ಟರು. ಕೈಗಳು ಕಡಿವಾಣದಲ್ಲಿ ಸಿಲುಕಿದ್ದರಿಂದ ಬೀಳುವಾಗ ಊರಿಕೊಳ್ಳಲಾಗದೆ ತಲೆಯೇ ಮೊದಲು ನೆಲಕ್ಕೆ ಬಡಿಯಿತು. ಶಿರಸ್ತ್ರಾಣವಿದ್ದುದರಿಂದ ಮಿದುಳು ಉಳಿಯಿತು. ಕುತ್ತಿಗೆ ಉಳಿಯಲಿಲ್ಲ.

ಮುರಿದದ್ದು ಬೆನ್ನುಮೂಳೆಯ ತುತ್ತತುದಿಯ ಎರಡು ಮೂಳೆಗಳು. ವಪೆಯನ್ನು ಚಲಿಸಿ ಉಸಿರಾಟ ನಡೆಸುವ ನರಗಳು ಬೆನ್ನುಹುರಿಯಿಂದ ಕವಲೊಡೆಯುವುದು ಅದಕ್ಕೂ ಕೆಳಗೆ. ಮೇಲೆಯೇ ಪೆಟ್ಟು ಬಿದ್ದರೆ ಮಿದುಳಿನ ಆಜ್ಞೆ ಕೈಕಾಲುಗಳಿಗಿರಲಿ, ಉಸಿರಿನ ಸ್ನಾಯುಗಳಿಗೂ ತಲುಪುವುದಿಲ್ಲ. ರೀವ್ ಅವರ ಉಸಿರು ಸ್ಥಳದಲ್ಲೇ ನಿಂತಿತ್ತು. ಕೆಲವೇ ನಿಮಿಷಗಳಲ್ಲಿ ಧಾವಿಸಿದ ತುರ್ತು ಚಿಕಿತ್ಸಾ ಸಿಬ್ಬಂದಿ ಕೃತಕವಾಗಿ ಉಸಿರು ತುಂಬಿದ್ದರಿಂದ ಜೀವ ಉಳಿಯಿತು. ಅಲ್ಲಿಂದ ಷಾರ್ಲಟ್ಸ್‌ವಿಲ್‌ನಲ್ಲಿರುವ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಸಾಗಿಸಲಾಯಿತು. ನರಶಸ್ತ್ರಚಿಕಿತ್ಸಕ ಡಾ. ಜಾನ್ ಜೇನ್ ಅವರ ತಂಡ, ಸೊಂಟದ ಮೂಳೆಯ ತುಣುಕು ಹಾಗೂ ಲೋಹದ ತಂತಿ ಬಳಸಿ ತಲೆಬುರುಡೆಯನ್ನು ಬೆನ್ನುಮೂಳೆಗೆ ಮತ್ತೆ ಜೋಡಿಸಿತು.

ನಿರ್ಧಾರ ಯಾರದು?

ರೀವ್ ಪೂರ್ಣ ಎಚ್ಚರಗೊಂಡು ಸ್ಥಿತಿಯನ್ನು ಅರಿಯಲು ಹಲವು ದಿನಗಳೇ ಬೇಕಾದವು. ಅಷ್ಟರಲ್ಲಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಟುಂಬದ ಸಂಕಟ ಸ್ಫೋಟಗೊಂಡಿತ್ತು. ಸದಾ ಚಟುವಟಿಕೆಯಿಂದಿದ್ದ ಮಗ ಯಂತ್ರಕ್ಕೆ ಅಂಟಿಕೊಂಡು ಬದುಕುವುದನ್ನು ಎಂದೂ ಬಯಸಲಾರನೆಂದು ತಾಯಿ ಬಾರ್ಬರಾ ನಂಬಿದ್ದರು. ವೆಂಟಿಲೇಟರ್ ತೆಗೆಯುವುದೇ ಸರಿಯೆಂದು ವಾದಿಸಿದರು. ಅದು ಪ್ರೀತಿಯಿಂದಲೇ ಹುಟ್ಟಿದ ವಾದ. ರೋಗಿಯೇ ಎಚ್ಚರಗೊಂಡು ತನ್ನ ಮಾತು ಹೇಳುವವರೆಗೆ ಯಾವ ತೀರ್ಮಾನವೂ ಬೇಡವೆಂಬ ನಿಲುವು ಕಡೆಗೆ ಗೆದ್ದಿತು.

ಎಚ್ಚರಗೊಂಡ ರೀವ್ ಅವರಿಗೆ ಮೊದಲು ಹೊಳೆದದ್ದೂ ಅದೇ. ಕೊಳವೆ ಇಳಿಸಿದ್ದ ಗಂಟಲಿನಿಂದ ಧ್ವನಿ ಬರದೆ, ತುಟಿಯ ಚಲನೆಯಿಂದಲೇ ತನ್ನನ್ನು ಹೋಗಗೊಡುವುದು ಮೇಲೇನೋ ಎಂದು ಪತ್ನಿಗೆ ಸೂಚಿಸಿದರು. ಆಗ 34 ವರ್ಷದವರಾಗಿದ್ದ ಡೇನಾ ಅದನ್ನು ಕೇಳಿ ಗದರಲಿಲ್ಲ, ಸುಳ್ಳು ಭರವಸೆಯನ್ನೂ ಕೊಡಲಿಲ್ಲ. ಬದುಕು ಅವರದು, ಆದ್ದರಿಂದ ತೀರ್ಮಾನವೂ ಅವರದೇ. ಅದೇನೇ ಇದ್ದರೂ ತಾನು ಒಪ್ಪುವುದಾಗಿ ಹೇಳಿದರು. ಜೊತೆಗೇ, ಎಷ್ಟು ದೀರ್ಘವಾದರೂ ಕೊನೆತನಕ ತಾನು ಪಕ್ಕದಲ್ಲಿರುವುದಾಗಿಯೂ, ತಾನು ಪ್ರೀತಿಸಿದ ವ್ಯಕ್ತಿ ಈಗಲೂ ಅದೇ ವ್ಯಕ್ತಿಯೆಂದೂ ತಿಳಿಸಿದರು.

ಆ ಮಾತೇ ತನ್ನನ್ನು ಉಳಿಸಿತೆಂದು ರೀವ್ ಮುಂದೆ ಆತ್ಮಕಥನದಲ್ಲಿ ದಾಖಲಿಸಿದರು. ಅದರ ಶೀರ್ಷಿಕೆ ‘ಸ್ಟಿಲ್ ಮಿ’ ಕೂಡ ಮೂಡಿದ್ದು ಅದರಿಂದಲೇ. ಡೇನಾ ಆಯ್ಕೆಯನ್ನು ಪತಿಯ ಕೈಯಲ್ಲೇ ಉಳಿಸಿದರು. ಬೆರಳನ್ನೂ ಆಡಿಸಲಾಗದ ವ್ಯಕ್ತಿಗೆ ಆ ಹೊತ್ತಿನಲ್ಲಿ ಉಳಿದಿದ್ದ ಏಕೈಕ ಸ್ವಾತಂತ್ರ್ಯ ಅದು. ಸ್ವಲ್ಪ ಹೊತ್ತಿನಲ್ಲೇ ಮೂವರು ಮಕ್ಕಳು ಕೋಣೆಗೆ ಬಂದರು. ಅವರ ಮುಖ ಕಂಡ ಮೇಲೆ ಸಾಯುವ ಯೋಚನೆ ಮತ್ತೆ ಸುಳಿಯಲಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ಭಯದಲ್ಲಿ ಕಂತಿದ್ದ ದಿನವೊಂದರಲ್ಲಿ, ರಷ್ಯನ್ ವೈದ್ಯನ ವೇಷ ತೊಟ್ಟು ವಿಚಿತ್ರ ಉಚ್ಚಾರಣೆಯಲ್ಲಿ ಗದ್ದಲವೆಬ್ಬಿಸುತ್ತ ಒಬ್ಬರು ಕೋಣೆಗೆ ನುಗ್ಗಿದರು. ಹಳೆಯ ಗೆಳೆಯ ರಾಬಿನ್ ವಿಲಿಯಮ್ಸ್! ಅಪಘಾತದ ನಂತರ ರೀವ್ ಮೊದಲ ಬಾರಿಗೆ ನಕ್ಕದ್ದು ಅಂದು.

ಕೆಸ್ಲರ್‌ನ ಆರು ತಿಂಗಳು

ಜೀವ ಉಳಿಸುವುದು ಆಸ್ಪತ್ರೆಯ ಕೆಲಸ. ಬದುಕಲು ಕಲಿಸುವುದು ಪುನಶ್ಚೇತನ ಕೇಂದ್ರದ ಕೆಲಸ. 1995ರ ಜೂನ್ ಕೊನೆಯಲ್ಲಿ ರೀವ್ ಅವರನ್ನು ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿರುವ ಕೆಸ್ಲರ್ ಸಂಸ್ಥೆಗೆ ಸೇರಿಸಲಾಯಿತು.

ಅಲ್ಲಿನ ಪಾಠಗಳು ಗಂಡನಿಗಷ್ಟೇ ಅಲ್ಲ, ಹೆಂಡತಿಗೂ ಇದ್ದವು. ಸ್ಪರ್ಶವೇ ಇಲ್ಲದ ದೇಹ ಒಂದೇ ಭಂಗಿಯಲ್ಲಿ ಕುಳಿತರೆ ಚರ್ಮಕ್ಕೆ ರಕ್ತ ಹರಿಯದೆ ಒತ್ತಡದ ಹುಣ್ಣು ಆಗುತ್ತದೆ; ನೋವಿನ ಎಚ್ಚರಿಕೆಯಿಲ್ಲದ ಕಾರಣ ಅದು ಮೂಳೆಯವರೆಗೂ ಕೊರೆಯಬಲ್ಲದು. ಆದ್ದರಿಂದ ಆಗಾಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಭಾರ ಬದಲಿಸಬೇಕು. ರಾತ್ರಿ ಮಗ್ಗುಲು ಹೊರಳಿಸಬೇಕು. ಗಂಟಲಿನ ಕೊಳವೆಯಲ್ಲಿ ಕಟ್ಟುವ ಕಫವನ್ನು ಹೀರಿ ತೆಗೆಯಬೇಕು. ಮಲಮೂತ್ರ ವಿಸರ್ಜನೆಗೆ ನಿಗದಿತ ಕ್ರಮ ಬೇಕು. ಮೂತ್ರದ ಕೊಳವೆ ಮಡಚಿಕೊಂಡಂಥ ಸಣ್ಣ ಕಾರಣಕ್ಕೂ ರಕ್ತದೊತ್ತಡ ಒಮ್ಮೆಲೇ ಏರಿ ಜೀವಕ್ಕೆ ಅಪಾಯವಾಗಬಹುದು. ಇದೆಲ್ಲವನ್ನೂ ಗುರುತಿಸಲು ಕುಟುಂಬದವರು ಕಲಿಯಬೇಕು.

ಆರಂಭದಲ್ಲಿ ರೀವ್ ಆ ಲೋಕಕ್ಕೆ ತಾನು ಸೇರಿದವನೆಂದು ಒಪ್ಪಿಕೊಳ್ಳಲೇ ಇಲ್ಲ. ರಾತ್ರಿಗಳು ಭಯಾನಕವಾಗಿದ್ದವು. ಉಸಿರಿನ ಕೊಳವೆ ಕಳಚಿದರೆ ಕೂಗಲೂ ಆಗದು, ಕರೆಗಂಟೆ ಒತ್ತಲೂ ಆಗದು. ಯಂತ್ರದ ಎಚ್ಚರಿಕೆಯ ಸದ್ದು ಕೇಳಿ ಯಾರಾದರೂ ಬರುವವರೆಗೆ ಕಾಯಬೇಕು. ಪ್ರಾಯೋಗಿಕ ಔಷಧವೊಂದು ದೇಹಕ್ಕೆ ಒಗ್ಗದೆ ಸಾವಿನಂಚಿಗೂ ಹೋಗಿ ಬಂದರು. ಇಂಥ ದಿನಗಳಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ದೊಡ್ಡ ಮಾತುಗಳಲ್ಲ. ಪತ್ನಿಯ ನಿತ್ಯದ ಹಾಜರಿ, ಆಸ್ಪತ್ರೆಯ ಕೋಣೆಯಲ್ಲೇ ಆಡುತ್ತ ಬೆಳೆದ ಮಗ, ಗೋಡೆಗೆ ಅಂಟಿಸಿದ ಚಿತ್ರಗಳು, ಅಪರಿಚಿತರು ಬರೆದ ಸಾವಿರಾರು ಪತ್ರಗಳು. ಆ ಪತ್ರಗಳಲ್ಲಿ ಆಯ್ದವನ್ನು ಡೇನಾ 1999ರಲ್ಲಿ ‘ಕೇರ್ ಪ್ಯಾಕೇಜಸ್’ ಎಂಬ ಪುಸ್ತಕವಾಗಿ ಹೊರತಂದರು.

ನಿಧಾನವಾಗಿ ಹೊಸ ಕೌಶಲಗಳು ಬಂದವು. ಬಾಯಿಯ ಮುಂದಿನ ನಳಿಕೆಯಲ್ಲಿ ಗಾಳಿ ಊದಿ, ಹೀರಿ ಗಾಲಿಕುರ್ಚಿ ಓಡಿಸಲು ಕಲಿತರು. ನವೆಂಬರ್‌ನಲ್ಲಿ ಯಂತ್ರದ ನೆರವಿಲ್ಲದೆ ಕೆಲವೇ ಉಸಿರು ಎಳೆದು ಆರಂಭಿಸಿದ ಅಭ್ಯಾಸ, ಡಿಸೆಂಬರ್ ಹೊತ್ತಿಗೆ ಅರ್ಧ ಗಂಟೆಗೆ ಮುಟ್ಟಿತು. ಅಕ್ಟೋಬರ್ 16ರಂದು ನ್ಯೂಯಾರ್ಕ್‌ನ ಸಮಾರಂಭವೊಂದರಲ್ಲಿ, ಗೆಳೆಯ ವಿಲಿಯಮ್ಸ್ ಅವರನ್ನು ಗೌರವಿಸಲು ಜನರ ಮುಂದೆ ಬಂದರು. ಡಿಸೆಂಬರ್ 13ರಂದು ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್‌ನಲ್ಲಿದ್ದ ಸ್ವಂತ ಮನೆಗೆ ಮರಳಿದರು.

ಮನೆಯೊಳಗಿನ ಹೊಸ ಲೆಕ್ಕ

ಮನೆಗೆ ಮರಳುವುದು ಸುಖಾಂತ್ಯವಾಗಿರಲಿಲ್ಲ. ಮೆಟ್ಟಿಲುಗಳ ಜಾಗದಲ್ಲಿ ಇಳಿಜಾರು ಬಂತು. ಕೋಣೆಗಳ ಸ್ವರೂಪ ಬದಲಾಯಿತು. ದಾದಿಯರು, ಸಹಾಯಕರು ಹಗಲಿರುಳು ಪಾಳಿಯಲ್ಲಿ ಬಂದುಹೋಗತೊಡಗಿದರು. ಬೆಳಗ್ಗೆ ಎಬ್ಬಿಸಿ, ವ್ಯಾಯಾಮ ಮಾಡಿಸಿ, ಸ್ನಾನ ಮುಗಿಸಿ, ಬಟ್ಟೆ ತೊಡಿಸಿ ಕುರ್ಚಿಗೆ ಕೂರಿಸಲು ಗಂಟೆಗಟ್ಟಲೆ ಸಮಯ ಹಿಡಿಯುತ್ತಿತ್ತು. ಗಂಡ-ಹೆಂಡತಿಯ ಏಕಾಂತವೆಂಬುದು ಆ ಮನೆಯಲ್ಲಿ ದುರ್ಲಭ ವಸ್ತುವಾಯಿತು.

ಇಲ್ಲಿಯೇ ಡೇನಾ ಅವರ ವಿವೇಕ ಎದ್ದು ಕಾಣುತ್ತದೆ. ಅಗತ್ಯ ಬಿದ್ದರೆ ಶುಶ್ರೂಷೆಯ ಎಲ್ಲ ಕೆಲಸಗಳನ್ನೂ ಮಾಡಬಲ್ಲವರಾಗಿದ್ದರೂ, ನಿತ್ಯದ ಆರೈಕೆಯ ಹೊಣೆಯನ್ನು ತರಬೇತಾದ ಸಿಬ್ಬಂದಿಗೆ ವಹಿಸಿದರು. ಹೆಂಡತಿ ಪೂರ್ಣಾವಧಿ ದಾದಿಯಾಗಿಬಿಟ್ಟರೆ ದಾಂಪತ್ಯ ಉಳಿಯುವುದು ಕಷ್ಟವೆಂಬ ಅರಿವು ಅವರಿಗಿತ್ತು. ಹಾಡು, ಅಭಿನಯಗಳನ್ನು ಬಹಳ ಕಡಿಮೆ ಮಾಡಿದರೂ ಸಂಪೂರ್ಣ ಕೈಬಿಡಲಿಲ್ಲ. ಆಗಾಗ ರಂಗಕ್ಕೆ ಮರಳುತ್ತಿದ್ದರು. ತಾನು ಕಳೆದುಕೊಂಡದ್ದರ ಬಗ್ಗೆ ಅವರು ಮುಚ್ಚುಮರೆ ಮಾಡಲಿಲ್ಲ. ಗಂಡನ ದುಃಖದ ಪಕ್ಕದಲ್ಲೇ ಹೆಂಡತಿಯ ದುಃಖವೂ ಇರುತ್ತದೆ, ಅದಕ್ಕೂ ಜಾಗ ಬೇಕು ಎಂಬುದನ್ನು ಸಂದರ್ಶನಗಳಲ್ಲಿ ಸಂಕೋಚವಿಲ್ಲದೆ ಒಪ್ಪಿಕೊಂಡರು.

ತಂದೆಯಾಗಿ ರೀವ್ ಕಂಡುಕೊಂಡ ದಾರಿಯೂ ಅಷ್ಟೇ ಹೃದ್ಯ. ಮಗನಿಗೆ ಸೈಕಲ್ ಕಲಿಸುವ ಕಾಲ ಬಂದಾಗ ಹಿಂದೆ ಹಿಡಿದು ಓಡಲು ಕೈಕಾಲುಗಳಿರಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ಮಾತಿನಲ್ಲೇ ಪ್ರತಿ ಹಂತವನ್ನೂ ವಿವರಿಸಿದರು. ಹುಡುಗ ತಂದೆಯ ಧ್ವನಿಯನ್ನು ನೆಚ್ಚಿ ಪೆಡಲ್ ತುಳಿದ, ಕಲಿತ. ಮಕ್ಕಳಿಗೆ ಬೇಕಾದದ್ದು ತಂದೆಯ ಸ್ನಾಯುಬಲಕ್ಕಿಂತ ಆತನ ಗಮನ ಎಂಬುದು ರೀವ್ ಆ ದಿನಗಳಲ್ಲಿ ಕಂಡುಕೊಂಡ ಸತ್ಯ.

ಇದೆಲ್ಲಕ್ಕೂ ತಗಲುತ್ತಿದ್ದ ವೆಚ್ಚ ವರ್ಷಕ್ಕೆ ಸುಮಾರು 4 ಲಕ್ಷ ಡಾಲರ್. ಸಿರಿವಂತ ನಟನಿಗೂ ಅದು ಹಗುರವಾದ ಹೊರೆಯಲ್ಲ. ಅಂದಿನ ಅಮೆರಿಕದಲ್ಲಿ ಆರೋಗ್ಯ ವಿಮೆಗೆ ಜೀವಮಾನದ ಗರಿಷ್ಠ ಮಿತಿ ಇರುತ್ತಿತ್ತು. ಹಲವು ವಿಮೆಗಳಲ್ಲಿ ಅದು 10 ಲಕ್ಷ ಡಾಲರ್. ಬೆನ್ನುಹುರಿಗೆ ತೀವ್ರ ಪೆಟ್ಟು ಬಿದ್ದವರು ಕೆಲವೇ ವರ್ಷಗಳಲ್ಲಿ ಆ ಮಿತಿ ಮುಟ್ಟಿ ಬರಿಗೈಯಾಗುತ್ತಿದ್ದರು. ಸೆನೆಟರ್ ಜಿಮ್ ಜೆಫರ್ಡ್ಸ್ ಅವರೊಂದಿಗೆ ಸೇರಿ ಮಿತಿಯನ್ನು ಒಂದು ಕೋಟಿ ಡಾಲರಿಗೆ ಏರಿಸಲು ರೀವ್ 1996ರಲ್ಲಿ ಹೋರಾಡಿದರು. ತಿದ್ದುಪಡಿಗೆ ಸೋಲಾಯಿತು. 2010ರಲ್ಲಿ ಅಮೆರಿಕದ ಹೊಸ ಆರೋಗ್ಯ ಕಾಯ್ದೆ ಇಂಥ ಜೀವಮಾನದ ಮಿತಿಗಳನ್ನು ನಿಷೇಧಿಸಿತು. ಅದನ್ನು ಕಾಣಲು ದಂಪತಿಗಳಿಬ್ಬರೂ ಇರಲಿಲ್ಲ.

ಮತ್ತೆ ಕಾಯಕಕ್ಕೆ

1996ರ ಮಾರ್ಚ್‌ನಲ್ಲಿ ಆಸ್ಕರ್ ಪ್ರಶಸ್ತಿ ಸಮಾರಂಭದ ವೇದಿಕೆಯಲ್ಲಿ ತೆರೆ ಸರಿದಾಗ ಗಾಲಿಕುರ್ಚಿಯಲ್ಲಿ ಕುಳಿತಿದ್ದ ರೀವ್ ಅವರನ್ನು ಕಂಡು ಇಡೀ ಸಭೆ ಎದ್ದು ನಿಂತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾ ಅಧಿವೇಶನವನ್ನು ಉದ್ದೇಶಿಸಿ ಮಾತನಾಡಿದರು. 1997ರಲ್ಲಿ ‘ಇನ್ ದಿ ಗ್ಲೋಮಿಂಗ್’ ಎಂಬ ಕಿರುತೆರೆ ಚಿತ್ರ ನಿರ್ದೇಶಿಸಿದರು. ಏಡ್ಸ್ ಪೀಡಿತ ಮಗ ಕೊನೆಯ ದಿನಗಳನ್ನು ಕಳೆಯಲು ತಾಯಿಯ ಬಳಿಗೆ ಮರಳುವ ಕಥೆಯದು. ಆರೈಕೆಯ ನೋವು-ನಲಿವುಗಳು ನಿರ್ದೇಶಕನಿಗೆ ಆಗ ಸ್ವಾನುಭವ. 1998ರಲ್ಲಿ ಹಿಚ್‌ಕಾಕ್ ಅವರ ‘ರೇರ್ ವಿಂಡೊ’ ಚಿತ್ರದ ಹೊಸ ರೂಪದಲ್ಲಿ ದೇಹದ ಸ್ವಾಧೀನ ಕಳೆದುಕೊಂಡ ವಾಸ್ತುಶಿಲ್ಪಿಯಾಗಿ ನಟಿಸಿ, ನಟರ ಸಂಘದ ಪ್ರಶಸ್ತಿ ಪಡೆದರು. ಅದೇ ವರ್ಷ ಆತ್ಮಕಥನ ಪ್ರಕಟವಾಯಿತು. ಅವರದೇ ದನಿಯಲ್ಲಿ ಬಂದ ಅದರ ಧ್ವನಿಮುದ್ರಿಕೆಗೆ ಗ್ರಾಮಿ ಪ್ರಶಸ್ತಿ ಸಂದಿತು.

ಸಂಶೋಧನೆಯ ಕ್ಷೇತ್ರದಲ್ಲಿ ಅವರ ಕೊಡುಗೆ ಇನ್ನೂ ದೊಡ್ಡದು. ಬೆನ್ನುಹುರಿಯ ಗಾಯಕ್ಕೆ ಪರಿಹಾರ ಹುಡುಕಲು 1982ರಿಂದಲೂ ಶ್ರಮಿಸುತ್ತಿದ್ದ ಸಂಸ್ಥೆಯೊಂದಕ್ಕೆ ಅವರ ಹೆಸರು, ವರ್ಚಸ್ಸು ಹೊಸ ಜೀವ ನೀಡಿದವು. 1999ರಲ್ಲಿ ಅದು ಕ್ರಿಸ್ಟೋಫರ್ ರೀವ್ ಪ್ರತಿಷ್ಠಾನವಾಯಿತು. ಸ್ಟೆಮ್ ಸೆಲ್ ಎಂದು ಕರೆಯಲಾಗುವ ಆಕರಕೋಶಗಳ ಸಂಶೋಧನೆಗೆ ಸರ್ಕಾರದ ನೆರವು ಬೇಕೆಂದು ಅವರು ನಿರಂತರವಾಗಿ ವಾದಿಸಿದರು.

ಸ್ವಂತ ದೇಹವನ್ನೂ ಪ್ರಯೋಗಕ್ಕೆ ಒಡ್ಡಿದರು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡಾ. ಜಾನ್ ಮೆಕ್‌ಡೊನಾಲ್ಡ್ ಅವರ ಮಾರ್ಗದರ್ಶನದಲ್ಲಿ, ವಿದ್ಯುತ್ ಪ್ರಚೋದನೆಯಿಂದ ಕಾಲುಗಳು ಸೈಕಲ್ ತುಳಿಯುವಂತೆ ಮಾಡುವ ಕಠಿಣ ವ್ಯಾಯಾಮ ನಡೆಸಿದರು. 2000ದ ಕೊನೆಯಲ್ಲಿ ಎಡಗೈ ತೋರುಬೆರಳು ಇಚ್ಛೆಯಂತೆ ಚಲಿಸಿತು. ಮಾತಿನ ನಡುವೆ ಅದನ್ನು ಮೊದಲು ಗಮನಿಸಿದವರು ಡೇನಾ. ಗಾಯವಾಗಿ ಐದು ವರ್ಷ ಕಳೆದ ಮೇಲೆ ಚೇತರಿಕೆ ಸಾಧ್ಯವಿಲ್ಲವೆಂಬ ವೈದ್ಯಲೋಕದ ನಂಬಿಕೆಯನ್ನು ಅದು ಅಲುಗಿಸಿತು. ಕ್ರಮೇಣ ದೇಹದ ಹಲವು ಭಾಗಗಳಲ್ಲಿ ಸ್ಪರ್ಶದ ಅರಿವು ಮರಳಿತು. ವರ್ಷಗಳ ಬಳಿಕ ಆಪ್ತರ ಅಪ್ಪುಗೆ ಅನುಭವಕ್ಕೆ ಬಂತು. 2003ರ ಫೆಬ್ರುವರಿಯಲ್ಲಿ ಕ್ಲೀವ್‌ಲೆಂಡ್‌ನಲ್ಲಿ ವಪೆಗೆ ವಿದ್ಯುತ್ ಸಂಕೇತ ಕೊಡುವ ಉಪಕರಣ ಅಳವಡಿಸಲಾಯಿತು. ದಿನದ ಕೆಲವು ಗಂಟೆಗಳಾದರೂ ವೆಂಟಿಲೇಟರಿನಿಂದ ಬಿಡುಗಡೆ ಸಿಕ್ಕಿತು.

ಗುಣವೇ, ಗುಣಮಟ್ಟವೇ?

ರೀವ್ ಟೀಕೆಗೂ ಗುರಿಯಾದರು. 50 ವರ್ಷ ತುಂಬುವುದರೊಳಗೆ ಎದ್ದು ನಿಲ್ಲುವ ಆಸೆಯನ್ನು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದರು. 2000ದ ಆರಂಭದಲ್ಲಿ ಪ್ರಸಾರವಾದ ಜಾಹೀರಾತೊಂದರಲ್ಲಿ ಕಂಪ್ಯೂಟರ್ ತಂತ್ರದಿಂದ ಅವರು ನಡೆಯುವಂತೆ ತೋರಿಸಿದಾಗ, ಅಂಗವಿಕಲರ ಹಕ್ಕುಗಳ ಹೋರಾಟಗಾರರು ತೀವ್ರವಾಗಿ ಆಕ್ಷೇಪಿಸಿದರು. ಗುಣವಾಗುವುದೊಂದೇ ಗುರಿಯೆಂದು ಬಿಂಬಿಸಿದರೆ ಇಳಿಜಾರು ದಾರಿ, ಬಸ್ಸು, ಉದ್ಯೋಗ, ಗೌರವಗಳ ಬೇಡಿಕೆ ಹಿಂದೆ ಬೀಳುತ್ತದೆ. ಗಾಲಿಕುರ್ಚಿಯ ಬದುಕು ಅಪೂರ್ಣವೆಂಬ ಭಾವನೆ ಬಲಗೊಳ್ಳುತ್ತದೆ ಎಂಬುದು ಅವರ ವಾದ. ಅದರಲ್ಲಿ ತಥ್ಯವಿತ್ತು.

ಈ ಪ್ರಶ್ನೆಗೆ ಉತ್ತರ ರೂಪುಗೊಂಡದ್ದು ಮುಖ್ಯವಾಗಿ ಡೇನಾ ಅವರ ಕೆಲಸದಲ್ಲಿ. ನಾಳೆ ಔಷಧ ಸಿಗಬಹುದು. ಆದರೆ ಇಂದು ಆಸ್ಪತ್ರೆಯಿಂದ ಮನೆಗೆ ಬಂದ ಗಂಡನಿಗೆ ಸ್ನಾನ ಮಾಡಿಸುವುದು ಹೇಗೆಂದು ತಿಳಿಯದೆ ಕಂಗಾಲಾದ ಹೆಂಡತಿಗೆ ಇಂದೇ ನೆರವು ಬೇಕು ಎಂಬುದು ಅವರ ನಿಲುವಾಗಿತ್ತು. ಪ್ರತಿಷ್ಠಾನದಲ್ಲಿ ಜೀವನ ಗುಣಮಟ್ಟಕ್ಕಾಗಿಯೇ ಪ್ರತ್ಯೇಕ ಅನುದಾನ ಯೋಜನೆ ಅವರ ಆಸಕ್ತಿಯಿಂದ 1999ರಲ್ಲಿ ಆರಂಭವಾಯಿತು. 2002ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಶಾರ್ಟ್ ಹಿಲ್ಸ್‌ನಲ್ಲಿ ಸರ್ಕಾರದ ಹಣಕಾಸಿನ ನೆರವಿನೊಂದಿಗೆ ಮಾಹಿತಿ ಕೇಂದ್ರ ತೆರೆಯಿತು. ವಿಮೆ, ಉಪಕರಣ, ಮನೆಯ ಮಾರ್ಪಾಟು, ಆರೈಕೆದಾರರ ಆಯಾಸ ಹೀಗೆ ಯಾವುದೇ ಸಮಸ್ಯೆಗೂ ತರಬೇತಾದ ಸಿಬ್ಬಂದಿ ಫೋನಿನಲ್ಲಿ ಉತ್ತರಿಸುವ ವ್ಯವಸ್ಥೆಯದು. ಅದೇ ಹಾದಿಯಲ್ಲಿ ಮುಂದೆ, ಗಾಯದ ಅನುಭವವಿದ್ದವರು ಹೊಸದಾಗಿ ಗಾಯಗೊಂಡವರಿಗೂ, ಆರೈಕೆ ಮಾಡಿದವರು ಹೊಸ ಆರೈಕೆದಾರರಿಗೂ ಜೊತೆಯಾಗುವ ಕಾರ್ಯಕ್ರಮವೂ ಬಂತು. ಷಾರ್ಲಟ್ಸ್‌ವಿಲ್‌ನ ಆಸ್ಪತ್ರೆಯಲ್ಲಿ ತಮಗೆ ಬೇಕಾಗಿದ್ದ ಮಾರ್ಗದರ್ಶನವನ್ನು ದಂಪತಿ ಹೀಗೆ ಇತರರಿಗೆ ಒದಗಿಸಿದರು.

ಅಗಲಿಕೆ

2004ರಲ್ಲಿ ರೀವ್ ಅವರನ್ನು ಸೋಂಕುಗಳು ಮತ್ತೆ ಮತ್ತೆ ಕಾಡಿದವು. ಆ ವರ್ಷ ಅವರು ನಿರ್ದೇಶಿಸಿದ ‘ದಿ ಬ್ರೂಕ್ ಎಲಿಸನ್ ಸ್ಟೋರಿ’, ಬಾಲ್ಯದ ಅಪಘಾತದಿಂದ ದೇಹದ ಸ್ವಾಧೀನ ಕಳೆದುಕೊಂಡರೂ ತಾಯಿಯ ನೆರವಿನಿಂದ ಹಾರ್ವರ್ಡ್ ಪದವಿ ಪಡೆದ ಯುವತಿಯ ಜೀವನಚಿತ್ರ. ಅಕ್ಟೋಬರ್ 9ರಂದು ಮಗ ವಿಲ್‌ನ ಹಾಕಿ ಪಂದ್ಯ ನೋಡಿ ಬಂದರು. ಒತ್ತಡದ ಹುಣ್ಣಿನಿಂದ ಸೋಂಕು ತಗಲಿ ಔಷಧಿ ಪಡೆಯುತ್ತಿದ್ದ ಅವರಿಗೆ ಅದೇ ರಾತ್ರಿ ಹೃದಯ ಸ್ತಂಭನವಾಯಿತು. ಕ್ಯಾಲಿಫೋರ್ನಿಯಾದಲ್ಲಿ ನಾಟಕವೊಂದರಲ್ಲಿ ಅಭಿನಯಿಸುತ್ತಿದ್ದ ಡೇನಾ ಸುದ್ದಿ ತಿಳಿದು ಧಾವಿಸಿದರು. 2004ರ ಅಕ್ಟೋಬರ್ 10ರಂದು, ತಮ್ಮ 52ನೆಯ ವಯಸ್ಸಿನಲ್ಲಿ ಕ್ರಿಸ್ಟೋಫರ್ ರೀವ್ ಇಹಲೋಕ ತ್ಯಜಿಸಿದರು. ಎರಡೇ ವಾರಗಳಲ್ಲಿ ಅವರ ಕೊನೆಯ ಚಿತ್ರ ಪ್ರಸಾರವಾಯಿತು. ನವೆಂಬರ್‌ನಲ್ಲಿ, ಆಕರಕೋಶ ಸಂಶೋಧನೆಗೆ 300 ಕೋಟಿ ಡಾಲರ್ ಒದಗಿಸುವ, ಅವರು ಪ್ರಚಾರ ಮಾಡಿದ್ದ ಪ್ರಸ್ತಾಪಕ್ಕೆ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿಗೆಯ ಮುದ್ರೆ ಒತ್ತಿದರು.

ಪತಿಯ ಬಳಿಕ ಪ್ರತಿಷ್ಠಾನದ ಚುಕ್ಕಾಣಿ ಹಿಡಿದ ಡೇನಾ ಅವರಿಗೆ ವಿಧಿ ಹೆಚ್ಚು ಕಾಲ ಕೊಡಲಿಲ್ಲ. 2005ರ ಫೆಬ್ರುವರಿಯಲ್ಲಿ ತಾಯಿಯನ್ನು ಕಳೆದುಕೊಂಡರು. ಆಗಸ್ಟ್‌ನಲ್ಲಿ, ಧೂಮಪಾನದ ಅಭ್ಯಾಸವೇ ಇಲ್ಲದ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಪ್ರಕಟವಾಯಿತು. ಚಿಕಿತ್ಸೆಯ ನಡುವೆಯೂ 2006ರ ಜನವರಿಯಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ, ಐಸ್ ಹಾಕಿ ಆಟಗಾರ ಮಾರ್ಕ್ ಮೆಸ್ಸಿಯರ್ ಅವರ ಗೌರವಾರ್ಥ ಸಮಾರಂಭದಲ್ಲಿ ಹಾಡಿದರು. ಮಾರ್ಚ್ 6ರಂದು, 44ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಮಗ ವಿಲ್‌ಗೆ ಆಗ 13 ವರ್ಷ.

2007ರಲ್ಲಿ ಪ್ರತಿಷ್ಠಾನಕ್ಕೆ ಇಬ್ಬರ ಹೆಸರನ್ನೂ ಇಡಲಾಯಿತು. 2009ರ ಮಾರ್ಚ್ 30ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಹಾಕಿದ ಕಾನೂನಿನಲ್ಲಿ ‘ಕ್ರಿಸ್ಟೋಫರ್ ಮತ್ತು ಡೇನಾ ರೀವ್ ಕಾಯ್ದೆ’ಯೂ ಸೇರಿತ್ತು. ಸಂಶೋಧನೆ, ಪುನಶ್ಚೇತನ ಹಾಗೂ ಜೀವನ ಗುಣಮಟ್ಟ ಮೂರನ್ನೂ ಅದು ಒಂದೇ ಸೂರಿನಡಿ ತಂದಿತು. ಮೂವರು ಮಕ್ಕಳೂ ಪ್ರತಿಷ್ಠಾನದ ಕೆಲಸದಲ್ಲಿ ತೊಡಗಿಕೊಂಡರು. 2024ರಲ್ಲಿ ಬಂದ ‘ಸೂಪರ್/ಮ್ಯಾನ್’ ಸಾಕ್ಷ್ಯಚಿತ್ರ ಈ ಸಂಸಾರದ ಕಥೆಯನ್ನು ಹೊಸ ತಲೆಮಾರಿಗೆ ತಲುಪಿಸಿತು.

ರೀವ್ ಮತ್ತೆ ಎದ್ದು ನಡೆಯಲಿಲ್ಲ. ಬೆನ್ನುಹುರಿಯ ಗಾಯಕ್ಕೆ ಪೂರ್ಣ ಪರಿಹಾರ ಇನ್ನೂ ದೊರೆತಿಲ್ಲ. ಆದರೆ ಪೆಟ್ಟು ಬಿದ್ದವರ ಹಾಸಿಗೆಯ ಪಕ್ಕದಲ್ಲಿ ನಿದ್ದೆಗೆಟ್ಟು ಕೂರುವ ಇನ್ನೊಂದು ಜೀವವೂ ನೆರವಿಗೆ ಅರ್ಹವೆಂಬ ತಿಳಿವಳಿಕೆ ಈ ದಂಪತಿಯಿಂದ ಗಟ್ಟಿಯಾಯಿತು. ಪ್ರತಿಷ್ಠಾನದ ಹೆಸರಿನಲ್ಲಿ ಗಂಡನ ಪಕ್ಕ ಹೆಂಡತಿಯ ಹೆಸರೂ ಸೇರಿದ್ದು ಆ ತಿಳಿವಳಿಕೆಗೆ ಸಂದ ಮನ್ನಣೆ.